ಗ್ರಹಾಂತರಗಳೂ ದೇವಸ್ವವೇ



2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿದಾಗ ನಾವೆಲ್ಲರೂ ಹರ್ಷಪಟ್ಟೆವು. ಆ ಹರ್ಷದೊಡನೆ ಒಂದು ವಿಚಾರವೂ ಆವಶ್ಯಕವಾಗಿದೆ. ಆ ಲೋಕಗಳು ಯಾರ ಸೊತ್ತು? ಅಲ್ಲಿ ನಾವು ಹೇಗೆ ನಡೆದುಕೊಳ್ಳತಕ್ಕದ್ದು?

1967ರಲ್ಲಿ ಜಾರಿಗೆ ಬಂದ ಬಾಹ್ಯಾಕಾಶ ಒಪ್ಪಂದವು, ಯಾವ ರಾಷ್ಟ್ರವೂ ಚಂದ್ರಾದಿಗಳನ್ನು ತನ್ನದಾಗಿಸಿಕೊಳ್ಳಕೂಡದೆಂದೂ ಅಲ್ಲಿ ಹಾನಿಕರ ಮಾಲಿನ್ಯವನ್ನು ಉಂಟುಮಾಡಕೂಡದೆಂದೂ ವಿಧಿಸಿದೆ. ಭಾರತವೂ ಅದಕ್ಕೆ ಬದ್ಧವಾಗಿದೆ. ಇದು ಸ್ತುತ್ಯವೇ ಸರಿ. ಆದರೆ 'ಯಾರದೂ ಅಲ್ಲ' ಎಂಬಲ್ಲಿಗೇ ನಿಂತರೆ ಸಾಲದು. ಹೇಳಕೇಳುವವರಿಲ್ಲದ ವಸ್ತು ಬೇಗನೆ ಸೂರೆಹೋಗುವುದನ್ನು ನಾವು ಭೂಮಿಯಲ್ಲಿಯೇ ಕಂಡಿದ್ದೇವೆ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಒಡೆಯನಿಲ್ಲದ ವಸ್ತುವೇ ಇಲ್ಲ. ಜಗತ್ತು ಸತ್ಯ, ಜೀವರು ಅನಂತ, ಶ್ರೀಹರಿಯೊಬ್ಬನೇ ಸ್ವತಂತ್ರ, ಮಿಕ್ಕುದೆಲ್ಲವೂ ಅವನ ಅಧೀನ. ಆದ್ದರಿಂದ ಗ್ರಹಾಂತರಗಳೂ ದೇವಸ್ವವೇ.

ಗರ್ಭಗುಡಿಯನ್ನು ಪ್ರವೇಶಿಸುವ ಅರ್ಚಕನು ಅದರ ಒಡೆಯನಲ್ಲ. ಮಡಿಯಿಂದ ಹೋಗಿ, ಸೇವೆ ಸಲ್ಲಿಸಿ, ಹಿಂದಿರುಗುತ್ತಾನೆ. ವಿಜ್ಞಾನಿಗಳಲ್ಲಿಯೂ ಇದಕ್ಕೆ ಸದೃಶವಾದ ಒಂದು ಶುದ್ಧಿನಿಯಮವುಂಟು. 1976ರಲ್ಲಿ ಮಂಗಳನ ಮೇಲಿಳಿದ ಎರಡು ವೈಕಿಂಗ್ ನೌಕೆಗಳನ್ನು, ಇಲ್ಲಿಯ ಸೂಕ್ಷ್ಮಜೀವಿಗಳು ಅಲ್ಲಿಗೆ ಸೇರದಿರಲೆಂದು, ಹೊರಡುವ ಮುನ್ನವೇ 100 ಡಿಗ್ರಿಗೂ ಮಿಕ್ಕಿದ ಉಷ್ಣದಲ್ಲಿ ಕಾಯಿಸಿ ಶುದ್ಧಿಗೊಳಿಸಿದ್ದರು. ಶನಿಯನ್ನು 13 ವರ್ಷ ಸುತ್ತಿದ ಕ್ಯಾಸಿನಿ ನೌಕೆಯ ಅಂತ್ಯವಂತೂ ಮನನೀಯ. ಶನಿಯ ಉಪಗ್ರಹವಾದ ಎನ್‌ಸೆಲಡಸ್‌ನ ಹಿಮದ ಕೆಳಗೆ ಜಲರಾಶಿಯಿರುವುದನ್ನು ಅದೇ ನೌಕೆ ತೋರಿಸಿಕೊಟ್ಟಿತ್ತು. ಇಂಧನ ತೀರಿದ ಮೇಲೆ ನೌಕೆ ಎಂದಾದರೂ ಅದಕ್ಕೆ ಡಿಕ್ಕಿಯಾಗಿ, ಅಲ್ಲಿರಬಹುದಾದ ಜೀವಕ್ಕೆ ಅಪಾಯ ತಂದೀತೆಂದು, 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯ ವಾಯುಮಂಡಲದಲ್ಲಿಯೇ ಆಹುತಿ ಮಾಡಿದರು. ಕಾಣದ ಜೀವಿಗಾಗಿ ಕೈಯಾರೆ ಕಟ್ಟಿದ್ದನ್ನು ತ್ಯಜಿಸಿದ ಈ ವಿವೇಕ ಸಾಮಾನ್ಯವಾದುದಲ್ಲ.

'ಅಲ್ಲಿ ಯಾವ ಜೀವಿಯೂ ಇಲ್ಲದಿದ್ದರೆ ಬಾಧೆ ಯಾರಿಗೆ?' ಎಂದು ಕೆಲವರು ಕೇಳಬಹುದು. ದೇವರ ಉಗ್ರಾಣದಲ್ಲಿ ಯಾರೂ ಕಾಣಿಸಲಿಲ್ಲವೆಂಬ ಮಾತ್ರಕ್ಕೆ ಅಲ್ಲಿಯ ಪದಾರ್ಥ ನಮ್ಮದಾದೀತೆ? ಯಜಮಾನನು ಕಣ್ಣಿಗೆ ಕಾಣನೆಂದು ಅವನ ಸೊತ್ತನ್ನು ಕೆಡಿಸುವುದು ಸೇವಕನ ಲಕ್ಷಣವಲ್ಲ.

ಹಾಗಾದರೆ ಅಲ್ಲಿಗೆ ಹೋಗಲೇ ಬಾರದೆ? ಹಾಗಲ್ಲ. ಭಗವಂತನ ಮಾಹಾತ್ಮ್ಯವನ್ನು ತಿಳಿಯುವುದೇ ಭಕ್ತಿಗೆ ತಳಹದಿ. ಅವನ ಸೃಷ್ಟಿಯ ವೈಚಿತ್ರ್ಯವನ್ನು ಅರಿತಷ್ಟೂ ಆ ತಿಳಿವು ಬೆಳೆಯುತ್ತದೆ. ಹೋಗುವವನು ದೋಚುವವನಾಗದೆ ದರ್ಶನಾರ್ಥಿಯಾಗಿ ಹೋಗಬೇಕು. ನಾಳೆ ನಮ್ಮ ಮನೆಯ ಮಕ್ಕಳೇ ಇಂಥ ನೌಕೆಗಳನ್ನು ಕಟ್ಟುವವರಾಗಬಹುದು. ತುಳಸಿಯ ದಳವನ್ನು ಕೀಳುವ ಮುನ್ನ ಕೈಮುಗಿಯುವುದನ್ನು ಅವರಿಗೆ ಇಂದೇ ಕಲಿಸೋಣ. ಆ ಸಂಸ್ಕಾರವೇ ಮುಂದೆ ಗ್ರಹಾಂತರಗಳನ್ನೂ ಕಾಪಾಡೀತು.

ಶ್ರೀಕೃಷ್ಣಾರ್ಪಣಮಸ್ತು.