ಅಬ್ಬಾ ಮತ್ತೆ ವುಝೂಗೆ ಎದ್ದಾಗ

ಹನೂರು ತಾಲೂಕಿನ ಒಡೆಯರಪಾಳ್ಯದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತು ದಾಟಿದ ತಂದೆ ಅಸರ್ ನಮಾಝ್ ಮುಗಿಸಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ವುಝೂಗೆ ಏಳುತ್ತಾರೆ. "ಅಬ್ಬಾ, ಆಗಲೇ ಆಯಿತಲ್ಲ!" ಎಂದು ಮಗ ಗದರುತ್ತಾನೆ. ತಂದೆ ತಪ್ಪು ಮಾಡಿದ ಮಗುವಿನಂತೆ ತಲೆ ತಗ್ಗಿಸುತ್ತಾರೆ. ಅರವತ್ತಕ್ಕೆ ಅರಳು ಮರಳು ಎಂದು ನಾವು ಮಾತು ಮುಗಿಸುತ್ತೇವೆ. ಈ ಗಾದೆ ಎಷ್ಟು ವೃದ್ಧರನ್ನು ವೈದ್ಯರಿಂದ ದೂರ ಇಟ್ಟಿದೆಯೋ!

ವಯಸ್ಸಾದಂತೆ ಹೆಸರುಗಳು ತಡವಾಗಿ ನೆನಪಾಗುವುದು ಸಹಜ. ಆದರೆ ಈಗ ತಾನೇ ಮಾಡಿದ್ದು ಅಳಿಸಿಹೋಗುವುದು, ದಿನವೂ ನಡೆದ ದಾರಿ ತಪ್ಪುವುದು ಡಿಮೆನ್ಷಿಯಾದ ಲಕ್ಷಣವಾಗಿರಬಹುದು. ಅದರಲ್ಲಿ ಹೆಚ್ಚಿನದು ಅಲ್ಝೈಮರ್ ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಅದನ್ನು ಮೊದಲು ವಿವರಿಸಿದರು. ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದು ಮತ್ತೊಂದು. ಇನ್ನೊಂದು ಬಗೆಯಲ್ಲಿ ನೆನಪಿಗಿಂತ ಮೊದಲು ನಡತೆಯೇ ಬದಲಾಗುತ್ತದೆ. ಸಭ್ಯ ಹಿರಿಯರ ಬಾಯಲ್ಲಿ ಬೈಗುಳ ಬಂದಾಗ ಮನೆಯವರು ಅದನ್ನು ದುರ್ಬುದ್ಧಿ ಎಂದೇ ತಿಳಿಯುವುದುಂಟು. ವಿಟಮಿನ್ ಬಿ12 ಅಥವಾ ಥೈರಾಯ್ಡ್ ಕೊರತೆಯಿಂದಲೂ ಮರೆವು ಬರಬಹುದು. ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಔಷಧಿಯಿಂದ ಸುಧಾರಿಸಲೂಬಹುದು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿರಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ, ಒಂಟಿತನ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಇಂತಹ 14 ಕಾರಣಗಳನ್ನು ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜಿಸಿತು. ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ ಹಳ್ಳಿಗರನ್ನು ವರ್ಷಗಳ ಕಾಲ ಪರೀಕ್ಷಿಸುವ ಅಧ್ಯಯನವನ್ನು ಕೈಗೊಂಡಿದೆ. ಹೊಸ ಔಷಧಿಗಳು ಆರಂಭದ ಅಲ್ಝೈಮರನ್ನು ತುಸು ನಿಧಾನಗೊಳಿಸುತ್ತವೆ. ಗುಣಪಡಿಸುವ ಔಷಧಿ ಇನ್ನೂ ಇಲ್ಲ.

ಅರಿವಿದ್ದವನು ಏನೂ ಅರಿಯದವನಾಗುವ ಜೀರ್ಣ ವಯಸ್ಸನ್ನು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಪ್ರಸ್ತಾಪಿಸಿದೆ. ಪ್ರವಾದಿ(ಸ)ರು ಅಂತಹ ವಯಸ್ಸಿನಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಮಾತಾಪಿತರಿಗೆ 'ಛೆ' ಎನ್ನಬಾರದೆಂಬ ಆದೇಶವೂ ಅವರ ವೃದ್ಧಾಪ್ಯವನ್ನೇ ಹೆಸರಿಸಿ ಬಂದಿದೆ. ಬುದ್ಧಿ ಸ್ವಾಧೀನದಲ್ಲಿಲ್ಲದವನ ಕರ್ಮಗಳನ್ನು ದಾಖಲಿಸುವ ಲೇಖನಿಯನ್ನು ಎತ್ತಿಡಲಾಗಿದೆ ಎಂದು ಹದೀಸ್ ತಿಳಿಸುತ್ತದೆ. ಅಲ್ಲಾಹನು ಲೆಕ್ಕ ಕೇಳದವರಲ್ಲಿ ನಾವು ಲೆಕ್ಕ ಕೇಳುವುದೇ?

ಅವರು ರಕಅತ್ ಮರೆತರೆ ಪಕ್ಕದಲ್ಲಿ ನಿಂತು ನಮಾಝ್ ಮಾಡಿರಿ. ಮುಅಝ್ಝಿನ್ ಅವರಿಗೂ ಬಸ್ಸು ನಿಲ್ಲುವಲ್ಲಿನ ಅಂಗಡಿಯವರಿಗೂ ವಿಷಯ ತಿಳಿಸಿಡಿರಿ. ಸುತ್ತ ಕಾಡಿರುವ ಊರು. ಸಂಜೆ ಅಬ್ಬಾ ಒಬ್ಬರೇ ಹೊರಟದ್ದನ್ನು ಕಂಡವರು ಕೈಹಿಡಿದು ಮನೆಗೆ ಕರೆತರಲಿ.