ಕೂಸಿನ ಹೊತ್ತು

ಕಾಯುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಬಸ್ಸಿಗಾಗಿ ಕಾಯುತ್ತೇವೆ, ಬೆಳೆದು ನಿಂತ ಹೊಲವನ್ನೂ ಕಾಯುತ್ತೇವೆ. ಒಂದು ಸುಮ್ಮನೆ ಕೂಡುವ ಕೆಲಸ, ಇನ್ನೊಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂಡುವ ಕೆಲಸ. ಎಳೆಗೂಸುಗಳ ವಿಷಯಕ್ಕೆ ಬಂದಾಗ ನಾವು ಇವೆರಡನ್ನೂ ಒಂದೇ ಎಂದು ತಿಳಿದುಬಿಡುತ್ತೇವೆ. ಎರಡು ವರ್ಷ ತುಂಬಿದರೂ ಮಾತು ಬಾರದ ಮಗುವಿಗೆ ನಮ್ಮ ಕಡೆಯ ಹಿರಿಯರು ಹೇಳುವುದು ಇಷ್ಟೇ: "ಬರ್ತಾವ ಬಿಡವಾ ಮಾತು. ಇವರಪ್ಪನೂ ನಾಕ ವರ್ಷಕ್ಕ ಬಾಯಿ ಬಿಟ್ಟಿದ್ದು." ಈ ಮಾತನ್ನು ಹಳಿಯುವುದು ಸುಲಭ. ಆದರೆ ಹಾಗೆ ಹೇಳುವ ಅತ್ತೆ ಸಿಕ್ಕ ಸೊಸೆ ಪುಣ್ಯವಂತೆ ಎಂಬುದನ್ನು ಮರೆಯಬಾರದು. ಕೂಸಿನಲ್ಲಿ ಏನೋ ಕೊರತೆ ಎಂದೊಡನೆ ಹಡೆದವಳ ಕಡೆಗೆ ಬೊಟ್ಟು ಮಾಡುವ ಊರಿನಲ್ಲಿ, "ಬರ್ತಾವ ಬಿಡು" ಎಂಬುದು ಒಂದು ಕರುಣೆ.

ಕರುಣೆಯೇ ಮಗುವಿಗೆ ಮುಳುವಾಗಬಹುದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ನಾನು ಬ್ಯಾಡಗಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಈಗ ಕದರಮಂಡಲಗಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಜೂನ್ ತಿಂಗಳಲ್ಲಿ ಸಾಲಿಗೆ ಹೆಸರು ಹಚ್ಚಲು ಬರುವ ಮಕ್ಕಳಲ್ಲಿ ವರ್ಷಕ್ಕೊಂದಾದರೂ ಕರೆದರೆ ತಿರುಗದ ಮಗು ಇರುತ್ತಿತ್ತು. ಆರು ವರ್ಷ ಅದನ್ನು ಹಟಮಾರಿ ಎಂದು ಮನೆಯವರು ನಂಬಿರುತ್ತಿದ್ದರು. ಕಿವಿ ಕೇಳದೆಂದು ಮೊದಲು ಗೊತ್ತಾಗುತ್ತಿದ್ದುದು ಹಾಜರಿ ಕೂಗುವ ಮಾಸ್ತರನಿಗೆ. ಸಾಲಿಯಲ್ಲಿ ಅಕ್ಷರ ಕಲಿಸಬಹುದು. ಆದರೆ ಅಕ್ಷರ ಕೂಡುವುದು ಮಾತಿನ ಮೇಲೆ, ಮಾತು ಬೇರು ಬಿಡುವುದು ಮೊದಲ ಮೂರು ವರ್ಷಗಳಲ್ಲಿ. ಆಗ ಮಿದುಳು ಹಸಿ ಮಣ್ಣಿದ್ದ ಹಾಗೆ. ಅದಕ್ಕೇ ಈ ಶಾಸ್ತ್ರ ಬಲ್ಲವರು ಒಂದು, ಮೂರು, ಆರು ಎಂದು ಲೆಕ್ಕ ಹಾಕಿದ್ದಾರೆ: ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಉಪಚಾರದ ಆರಂಭ. ಆರು ತಿಂಗಳೆಲ್ಲಿ, ಆರು ವರ್ಷವೆಲ್ಲಿ!

ಕಿವಿ ಒಂದೇ ಅಲ್ಲ. ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಕೂಸು ನೋಡಲು ಚೆನ್ನಾಗಿಯೇ ಇರುತ್ತದೆ, ಬಹಳ ಅಳುವುದಿಲ್ಲ, "ಶಾಂತ ಕೂಸು" ಎಂದು ಬಂದವರೆಲ್ಲ ಹೊಗಳುತ್ತಾರೆ. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಅದು ಪತ್ತೆಯಾಗುತ್ತದೆ. ಮೊದಲ ಎರಡು ವಾರಗಳಲ್ಲೇ ಅಗ್ಗದ ಗುಳಿಗೆಯೊಂದನ್ನು ಕೊಡತೊಡಗಿದರೆ ಬುದ್ಧಿ ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದದ್ದು ಪೂರ್ತಿಯಾಗಿ ತಿರುಗಿ ಬಾರದು. ಸೊಟ್ಟಪಾದದ ಕೂಸಿಗೆ ಪೊನ್ಸೆಟಿ ಎಂಬ ವೈದ್ಯರು ಅಮೆರಿಕದಲ್ಲಿ ರೂಪಿಸಿದ ಪದ್ಧತಿಯಂತೆ ವಾರಕ್ಕೊಂದು ಪ್ಲಾಸ್ಟರು, ಹೀಗೆ ಐದಾರು ವಾರ ಹಾಕಿ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ವಿಶೇಷ ಬೂಟು ತೊಡಿಸಿದರೆ ಸಾಮಾನ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಕಣ್ಣಿನ ಕಥೆ ಇನ್ನೂ ಅವಸರದ್ದು. ಕಣ್ಣಿನೊಳಗಿನ ಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಅದನ್ನು ಮೂವತ್ತು ದಿನಗಳೊಳಗೆ ನೋಡಬೇಕು, ಬೇಕೆನಿಸಿದರೆ ಎರಡು ಮೂರು ದಿನಗಳಲ್ಲೇ ಲೇಸರ್ ಮಾಡಬೇಕು. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳ ನವಜಾತ ಶಿಶು ವಾರ್ಡುಗಳಿಗೆ ಹೋಗುತ್ತಾರೆ, ತೆಗೆದ ಚಿತ್ರವನ್ನು ದೂರದಲ್ಲಿರುವ ತಜ್ಞರು ನೋಡುತ್ತಾರೆ. ವೈದ್ಯನಿದ್ದಲ್ಲಿಗೆ ಕೂಸನ್ನು ಹೊತ್ತೊಯ್ಯುವ ಬದಲು ಕೂಸಿದ್ದಲ್ಲಿಗೆ ವೈದ್ಯನ ಕಣ್ಣು ಬಂತು. ನಮ್ಮ ರಾಜ್ಯ ಎದೆ ತಟ್ಟಿಕೊಳ್ಳಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದೆಂದು ನನ್ನ ಎಣಿಕೆ.

ಗಡುವು ಎಂದರೇನೆಂದು ನಮ್ಮ ಜನಕ್ಕೆ ತಿಳಿಯದೆ? ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಂತರನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ಕಂಡರೆ ದೊಡ್ಡ ಪುಣ್ಯವೆಂಬ ನಂಬಿಕೆ ಇದೆ. ಅದಕ್ಕಾಗಿ ಶ್ರಾವಣದ ಶನಿವಾರ ನಸುಕಿನಲ್ಲೇ ಎದ್ದು ಟ್ರ್ಯಾಕ್ಸಿನಲ್ಲಿ ಒತ್ತೊತ್ತಿ ಕೂತು ಬರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಕುತ್ತಿಗೆ ನಿಲ್ಲದ, ಮಾತಾಡದ ಮಕ್ಕಳನ್ನು ಹರಕೆಗೆ ಎತ್ತಿಕೊಂಡು ಬಂದವರೂ ಇರುತ್ತಾರೆ. ದೇವರ ದರ್ಶನಕ್ಕೆ ಹೊತ್ತು ಮೀರಬಾರದೆಂದು ಬಲ್ಲವರಿಗೆ, ತೊಡೆಯ ಮೇಲಿನ ಕೂಸಿಗೂ ಒಂದು ಹೊತ್ತಿದೆ ಎಂದು ಹೇಳಿದರೆ ಖಂಡಿತ ಅರ್ಥವಾಗುತ್ತದೆ. ಹೇಳುವವರು ಬೇಕು, ಅಷ್ಟೆ.

ಹೇಳುವವರು ಈಗ ಇದ್ದಾರೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಅದರ ಪ್ರಕಾರ ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಸಂಶಯ ಬಂದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಸರಕಾರಿ ಕಾಗದಗಳಲ್ಲಿ ಈ ಕೆಲಸಕ್ಕೆ ‘ಶೀಘ್ರ ಮಧ್ಯಸ್ಥಿಕೆ’ ಎಂಬಂಥ ಹೆಸರುಗಳಿವೆ. ಗಂಡ ಹೆಂಡಿರ ಜಗಳ ಬಿಡಿಸುವ ಪಂಚರು ನೆನಪಾಗುವಂಥ ಮಾತು, ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ತಪಾಸಿಸಬೇಕೆನ್ನುತ್ತದೆ. ಆದರೆ ಅದೇ ಕಾಯ್ದೆ ಶಿಕ್ಷಣವನ್ನು ಹಕ್ಕೆಂದು ಕೊಡುವುದು ಆರರಿಂದ ಹದಿನೆಂಟರವರೆಗೆ. ಮಣ್ಣು ಹಸಿಯಿರುವ ಆರು ವರ್ಷಗಳು ಆ ಲೆಕ್ಕದಿಂದ ಹೊರಗುಳಿದವು.

ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ತಾಯಿ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವಾಕೆ. ಏಳು ತಿಂಗಳ ಕೂಸಿಗೆ ಕುತ್ತಿಗೆ ನಿಂತಿರಲಿಲ್ಲ. ಅಂಗನವಾಡಿಗೆ ಬಂದ ವೈದ್ಯೆ ಕೂಸಿನ ಕೈಕಾಲು ಬಾಗಿಸಿ ನೋಡಿ, ಬೆಳವಣಿಗೆ ಹಿಂದುಳಿದಿದೆ, ತಡಮಾಡದೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿರೆಂದು ಚೀಟಿ ಬರೆದುಕೊಟ್ಟರು. ಆ ವೈದ್ಯೆ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಸಂಜೆ ಆ ತಾಯಿ ಚೀಟಿ ಓದಿಸಲು ನನ್ನ ಬಳಿ ಬಂದಳು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳೋರು ಹೇಳಿ ಜೀಪ್ ಹತ್ತಿ ಹೋದ್ರು ನೋಡ್ರೀ ಮಾಸ್ತರ. ನಿನ್ನಿ ತನಕ ಅದು ನನ್ನ ಮಗಾ ಆಗಿತ್ತು. ಇವತ್ತ ಅದೊಂದ ಚೀಟಿ ಆತು" ಎಂದಳು.

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಕೊಡಲು ಏನೂ ಇಲ್ಲದ ಕಡೆ ಸುಮ್ಮನಿರುವುದೇ ಧರ್ಮ ಎಂದು ಆರೋಗ್ಯ ಇಲಾಖೆಯಲ್ಲಿದ್ದ ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಹಸಿದವನಿಗೆ ಅನ್ನದ ರುಚಿ ವರ್ಣಿಸಿ ಎದ್ದು ಬರುವುದು ಕ್ರೌರ್ಯ ಎನ್ನುತ್ತಾನೆ. ನನಗೆ ಅದು ಒಪ್ಪಿಗೆಯಿಲ್ಲ. ಸುಮ್ಮನಿದ್ದರೆ ಆ ತಾಯಿಯ ನಿದ್ದೆ ಉಳಿಯುತ್ತದೆ, ನಿಜ. ಅದಕ್ಕೆ ತೆತ್ತ ಬೆಲೆ ಕೂಸಿನ ಹೊತ್ತು. ಕೂಸಿನ ಹೊತ್ತು ಕೂಸಿನದು. ಅದನ್ನು ಖರ್ಚು ಮಾಡಲು ತಾಯಿಗಾಗಲಿ ಅಜ್ಜಿಗಾಗಲಿ ನನ್ನ ಗೆಳೆಯನಿಗಾಗಲಿ ಅಧಿಕಾರವಿಲ್ಲ. ಆದ್ದರಿಂದ ಹೇಳಲೇಬೇಕು. ಆದರೆ ಹೇಳಿದ ಕ್ಷಣವೇ ಹೇಳಿದವನು ಸಾಲಗಾರನಾಗುತ್ತಾನೆ. ಇಲ್ಲಿ ಆಗುತ್ತಿರುವುದು ಏನೆಂದರೆ, ಹೇಳಿದ್ದು ಸರಕಾರ, ಸಾಲ ತೀರಿಸುತ್ತಿರುವುದು ದಿನಗೂಲಿಯ ಹೆಂಗಸು. ವಾರಕ್ಕೊಂದು ದಿನ ಹುಬ್ಬಳ್ಳಿಗೆಂದರೆ ವಾರಕ್ಕೊಂದು ದಿನದ ಪಗಾರ ಹೋಯಿತು.

ಮೈಸೂರಿನಲ್ಲಿ ಕಿವುಡು ಮಕ್ಕಳ ಪೋಷಕರ ಸಂಘದವರ ಶಾಲೆಯೊಂದಿದೆ. ಅಲ್ಲಿ ಮಗುವಿನ ಜೊತೆ ತಾಯಿಯೂ ದಿನವೂ ತರಗತಿಯಲ್ಲಿ ಕೂತು, ಮಗುವಿಗೆ ಮಾತು ಕಲಿಸುವುದನ್ನು ತಾನು ಕಲಿಯುತ್ತಾಳೆ. ದೂರದೂರುಗಳಿಂದ ಬಂದು ವರ್ಷಗಟ್ಟಲೆ ಬಿಡಾರ ಮಾಡಿ ಮಗುವಿನ ಬಾಯಲ್ಲಿ ಮಾತು ತರಿಸಿದ ತಾಯಂದಿರಿದ್ದಾರೆ. ಅವರಿಗೆ ಕೈ ಮುಗಿಯಬೇಕು. ಮುಗಿಯುತ್ತಲೇ ಒಂದು ಪ್ರಶ್ನೆ ಕೇಳುವುದೂ ತಪ್ಪಲ್ಲ: ಈ ಕೆಲಸಕ್ಕೆ ತಂದೆಯರಿಗೇಕೆ ಕರೆ ಬರುವುದಿಲ್ಲ?

ಇನ್ನೊಂದು ಆಕ್ಷೇಪ ಅಂಗವಿಕಲರಿಂದಲೇ ಬರುತ್ತದೆ. ನಾವೇನು ರಿಪೇರಿಗೆ ಬಂದ ಪಂಪ್‌ಸೆಟ್ಟೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಲ್ಯದಲ್ಲಿ ಇಂದ್ರನ ವಜ್ರದ ಏಟಿಗೆ ದವಡೆ ಮುರಿದದ್ದರಿಂದ ಹನುಮಂತನಿಗೆ ಆ ಹೆಸರು ಬಂತೆಂದು ಕಥೆ. ‘ಹನು’ ಎಂದರೆ ದವಡೆ. ಆ ದವಡೆಯನ್ನು ನೆಟ್ಟಗೆ ಮಾಡಿದ ಮೇಲೆ ಪೂಜಿಸೋಣ ಎಂದು ಕದರಮಂಡಲಗಿಯಲ್ಲಿ ಯಾರೂ ಹೇಳಿಲ್ಲ. ಎಳವೆಯಲ್ಲೇ ಉಪಚಾರ ಬೇಕೆಂದರೆ ಮಗುವನ್ನು ಎಲ್ಲರ ಅಚ್ಚಿಗೆ ಹಾಕಬೇಕೆಂದಲ್ಲ. ಕಿವಿ ಕೇಳದ ಕೂಸಿಗೆ ಕಿವಿಯಂತ್ರದ ಮೂಲಕವಾಗಲಿ ಕೈಸನ್ನೆಯ ಮೂಲಕವಾಗಲಿ, ಭಾಷೆಯೊಂದು ಹೊತ್ತಿಗೆ ಸಿಗಬೇಕು. ಸನ್ನೆ ಭಾಷೆ ಪೂರ್ಣ ಭಾಷೆಯೇ. ದಿಲ್ಲಿಯಲ್ಲಿ ಅದರ ಸಂಶೋಧನೆ ಮತ್ತು ತರಬೇತಿಗೆಂದೇ 2015ರಲ್ಲಿ ಕೇಂದ್ರ ಸರಕಾರದ ಸಂಸ್ಥೆಯಾಯಿತು. ಯಾವ ಭಾಷೆ ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡ ಮಾತು.

ನಮ್ಮ ಓಣಿಯ ಕೂಸಿಗೆ ಈಗ ಎರಡು ವರ್ಷ. ಹುಬ್ಬಳ್ಳಿಗೆ ಹೋಗುವವಳು ತಾಯಿಯಲ್ಲ, "ಬರ್ತಾವ ಬಿಡು" ಎನ್ನುತ್ತಿದ್ದ ಅಜ್ಜಿ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತಲ್ಲ, ಆ ಶಕ್ತಿ ಯೋಜನೆ ಮಾಡಿದವರಿಗೆ ಇಂಥ ಕೂಸುಗಳು ನೆನಪಿದ್ದವೋ ಇಲ್ಲವೋ, ಈ ಮನೆಗಂತೂ ಅದರಿಂದ ದೊಡ್ಡ ಉಪಕಾರವಾಯಿತು. ಸೊಸೆಯ ಪಗಾರ ಉಳಿಯಿತು. ಅಲ್ಲಿ ಕಲಿಸಿದ ವ್ಯಾಯಾಮವನ್ನು ಅಜ್ಜಿ ಬೆಳಿಗ್ಗೆ ಸಂಜೆ ಕಟ್ಟೆಯ ಮೇಲೆ ಮಾಡಿಸುತ್ತಾಳೆ. ಕುತ್ತಿಗೆ ನಿಂತಿದೆ. ಬೆನ್ನಿಗೆ ದಿಂಬು ಕೊಟ್ಟರೆ ಕೂಡುತ್ತದೆ. ನಡೆಯುತ್ತದೆಯೋ ಇಲ್ಲವೋ ವೈದ್ಯರೂ ಹೇಳುತ್ತಿಲ್ಲ. ಮೊನ್ನೆ ನಾನು ಹಾದು ಹೋಗುವಾಗ ಅಜ್ಜಿ ಕೂಸಿನ ಬಲಗಾಲು ಹಿಡಿದು ಮೂವತ್ತಾರು, ಮೂವತ್ತೇಳು ಎಂದು ಎಣಿಸುತ್ತಿದ್ದಳು. "ಕುಂದರ್ರಿ ಮಾಸ್ತರ, ಇನ್ನೊಂದ ಕಾಲ ಐತಿ" ಎಂದಳು. ಕೂತೆ.