ದೇವರನ್ನು ನಂಬದವನಲ್ಲಿ ಧರ್ಮವುಂಟೋ?



ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಪ್ರಶ್ನೆಯು ಆಗಾಗ್ಗೆ ಏಳುತ್ತಲಿದೆ. ಪಟ್ಟಣದಲ್ಲಿ ಓದಿ ಬಂದ ಯೌವನಸ್ಥನೊಬ್ಬನು ಆರಾಧನೆಗೆ ಬರುವದನ್ನು ಬಿಡುತ್ತಾನೆ. ಕೇಳಿದರೆ, ದೇವರಿದ್ದಾನೆಂದು ನನಗೆ ತೋರುವದಿಲ್ಲ ಎಂದು ಸಂಕೋಚವಿಲ್ಲದೆ ಹೇಳುತ್ತಾನೆ. ಆದರೂ ಅವನು ಕುಡಿಯುವದಿಲ್ಲ, ತಂದ ಸಾಲವನ್ನು ಹೇಳಿದ ದಿನಕ್ಕೆ ತೀರಿಸುತ್ತಾನೆ, ಮುದಿ ತಾಯಿಯನ್ನು ಸಾಕುತ್ತಾನೆ. ಸಹಕಾರ ಸಂಘದ ಲೆಕ್ಕವನ್ನು ಯಾರಿಗೆ ಒಪ್ಪಿಸೋಣವೆಂಬ ಮಾತು ಬಂದಾಗ ಕೆಲವರು ಅವನ ಹೆಸರನ್ನೆತ್ತುತ್ತಾರೆ. ಆಗ ಹಿರಿಯರಲ್ಲೊಬ್ಬರು, "ದೇವರ ಭಯವಿಲ್ಲದವನಿಗೆ ಪೆಟ್ಟಿಗೆಯ ಬೀಗದ ಕೈ ಕೊಡುವದು ಹೇಗಪ್ಪಾ? ಯಾರಿಗೆ ಹೆದರಿ ಅವನು ನೆಟ್ಟಗೆ ನಡೆದಾನು?" ಅನ್ನುತ್ತಾರೆ. ಈ ಮಾತು ಹಗುರವಾದದ್ದಲ್ಲ. ಇದರಲ್ಲಿ ಒಬ್ಬ ಮನುಷ್ಯನ ಮಾನವೂ ಅನೇಕ ಬಡವರ ಹಣವೂ ಸಿಕ್ಕಿಕೊಂಡಿವೆ. ಅದಲ್ಲದೆ ದೇವರ ವಿಷಯವಾಗಿ ನಾವು ಏನನ್ನು ನಂಬುತ್ತೇವೆಂಬದೂ ಇದರಲ್ಲಿ ಅಡಗಿದೆ.

ಇಲ್ಲಿ ಎರಡು ಪ್ರಶ್ನೆಗಳು ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ, ಅವನ್ನು ಬಿಡಿಸಿಕೊಳ್ಳೋಣ. ದೇವರನ್ನು ನಂಬದ ಮನುಷ್ಯನು ಒಳ್ಳೆಯವನಾಗಿರಬಲ್ಲನೋ ಎಂಬದು ಒಂದು. ದೇವರೇ ಇಲ್ಲವಾದರೆ ಒಳ್ಳೇದು ಕೆಟ್ಟದ್ದು ಎಂಬ ಭೇದವು ಮನುಷ್ಯರ ಇಷ್ಟಾನಿಷ್ಟಗಳಿಗೆ ಒಳಪಡದೆ ನಿಲ್ಲಬಲ್ಲದೋ ಎಂಬದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಸುಲಭ, ಎರಡನೆಯದಕ್ಕೆ ಸುಲಭವಲ್ಲ.

ಇಸ್ರಾಯೇಲ್ಯರಿಗೆ ಧರ್ಮಶಾಸ್ತ್ರವು ಕಲ್ಲಿನ ಹಲಗೆಗಳಲ್ಲಿ ಕೊಡಲ್ಪಟ್ಟಿತು. ಅನ್ಯಜನರಿಗೆ ಅದು ಇರಲಿಲ್ಲ. ಆದರೂ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ಆ ಅನ್ಯಜನರಲ್ಲಿಯೂ ಧರ್ಮಶಾಸ್ತ್ರವು ಕೇಳುವಂಥ ನಡತೆ ಕಾಣಬರುವದೆಂದೂ, ಅದು ಅವರ ಹೃದಯದೊಳಗೆ ಬರೆದಿರುವದಕ್ಕೆ ಅವರ ಮನಸ್ಸಾಕ್ಷಿಯೇ ಗುರುತೆಂದೂ ಒಪ್ಪುತ್ತಾನೆ. ಎರಡನೆಯ ಶತಮಾನದಲ್ಲಿ ರೋಮಾಪುರದಲ್ಲಿ ರಕ್ತಸಾಕ್ಷಿಯಾಗಿ ಸತ್ತ ಯುಸ್ತೀನನು ಇನ್ನೂ ಮುಂದೆ ಹೋದನು. ಗ್ರೀಕ್ ದೇಶದ ಸೊಕ್ರಾತನನ್ನು ಅವನ ಊರವರು ನಾಸ್ತಿಕನೆಂದೆಣಿಸಿದರೂ, ವಿವೇಕದ ವಾಕ್ಯಕ್ಕನುಸಾರವಾಗಿ ಬಾಳಿದ ಅಂಥವರು ಕ್ರಿಸ್ತನವರೇ ಎಂದು ಅವನು ಬರೆದನು. ಆ ಕಾಲದಲ್ಲಿ ರೋಮದವರು ಕ್ರೈಸ್ತರನ್ನೇ ನಾಸ್ತಿಕರೆಂದು ಕರೆಯುತ್ತಿದ್ದರು; ಯಾಕಂದರೆ ನಮ್ಮ ಹಿರಿಯರ ಮನೆಗಳಲ್ಲಿ ವಿಗ್ರಹವಿರಲಿಲ್ಲ, ಚಕ್ರವರ್ತಿಯ ಮುಂದೆ ಧೂಪವನ್ನೂ ಅವರು ಹಾಕುತ್ತಿರಲಿಲ್ಲ. ಆ ಹೆಸರಿನ ಪೆಟ್ಟನ್ನು ತಿಂದವರ ಮಕ್ಕಳಾದ ನಾವು ಅದನ್ನು ಬೇರೆಯವರ ಮೇಲೆ ಬೀಸುವಾಗ ಸ್ವಲ್ಪ ತಡೆಯುವದು ಒಳ್ಳೇದು.

ಇಷ್ಟು ದೂರವಾದರೂ ಹೋಗುವದೇಕೆ? ಕನ್ನಡ ನಾಡಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜೈನರು ನಮ್ಮ ನೆರೆಯವರಾಗಿದ್ದಾರೆ. ಕಾರ್ಕಳದ ಗುಡ್ಡದ ಮೇಲೆ ೧೪೩೨ರಲ್ಲಿ ನಿಲ್ಲಿಸಿದ ಬಾಹುಬಲಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಲೋಕವನ್ನು ಒಬ್ಬ ದೇವರು ಉಂಟುಮಾಡಿದನೆಂಬದನ್ನು ಅವರ ಮತವು ಒಪ್ಪುವದಿಲ್ಲ. ಲೋಕವು ಅನಾದಿ, ಅದನ್ನು ಸೃಷ್ಟಿಸಿದವನೂ ಇಲ್ಲ, ತೀರ್ಪು ಕೊಡುವವನೂ ಇಲ್ಲ ಅನ್ನುತ್ತದೆ. ಹೀಗಿದ್ದರೂ ಅವರ ಐದು ವ್ರತಗಳನ್ನು ನೋಡಿರಿ: ಅಹಿಂಸೆ, ಸತ್ಯ, ಕದಿಯದಿರುವದು, ಬ್ರಹ್ಮಚರ್ಯ, ಅಪರಿಗ್ರಹ. ಗೃಹಸ್ಥನಿಗಾದರೆ ನಾಲ್ಕನೆಯದು ಸ್ವಂತ ಹೆಂಡತಿಯಲ್ಲಿಯೇ ತೃಪ್ತನಾಗಿರುವದು. ಐದನೆಯದು ಆಸ್ತಿಗೆ ಒಂದು ಮಿತಿಯನ್ನು ಹಾಕಿಕೊಳ್ಳುವದು. ಈಗ ಮೋಶೆಯ ಎರಡನೆಯ ಹಲಗೆಯನ್ನು ಪಕ್ಕದಲ್ಲಿಡಿರಿ. ಕೊಲೆ, ಹಾದರ, ಕಳವು, ಸುಳ್ಳುಸಾಕ್ಷಿ, ನೆರೆಯವನ ಸೊತ್ತಿನ ಮೇಲಣ ಆಶೆ, ಇವುಗಳನ್ನು ಬೇಡವೆನ್ನುವ ಆಜ್ಞೆಗಳಿಗೂ ಆ ವ್ರತಗಳಿಗೂ ಎಷ್ಟು ಹೋಲಿಕೆ! ಮೊದಲನೆಯ ಹಲಗೆ ಅವರಲ್ಲಿಲ್ಲ, ಎರಡನೆಯದು ಉಂಟು. ಇರುವೆಯನ್ನು ತುಳಿಯಲಂಜುವ ಮನುಷ್ಯನಿಗೆ ಧರ್ಮವೇ ಗೊತ್ತಿಲ್ಲವೆಂದು ಹೇಳುವದಕ್ಕೆ ನಮ್ಮ ನಾಲಿಗೆ ಏಳಲಾರದು. ಅಷ್ಟೇ ಅಲ್ಲ, ಅವರು ಆ ಧರ್ಮವನ್ನು ಮನುಷ್ಯರು ಕೂಡಿ ಮಾಡಿಕೊಂಡ ಕಟ್ಟಳೆಯೆಂದು ಎಣಿಸುವದಿಲ್ಲ. ಬೆಂಕಿ ಸುಡುವ ಹಾಗೆ ಪಾಪವು ಪಾಪಿಗೆ ಅಂಟಿಕೊಳ್ಳುವದು, ಅದು ಲೋಕದ ಸ್ವಭಾವವೇ ಎಂಬದು ಅವರ ಮತ.

ಜೈನರಿಗಾದರೂ ಕರ್ಮದ ಭಯವುಂಟು, ಅದೂ ಇಲ್ಲದವನ ಗತಿಯೇನು ಎಂದು ಹಿರಿಯರು ಕೇಳಬಹುದು. ಹಾಗಾದರೆ ತೆಲುಗು ನಾಡಿನ ಗೋಪರಾಜು ರಾಮಚಂದ್ರ ರಾಯರ ಸಂಗತಿಯನ್ನು ಕೇಳಿರಿ. ಗೋರಾ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು ೧೯೦೨ರಲ್ಲಿ ಹುಟ್ಟಿ ೧೯೭೫ರಲ್ಲಿ ತೀರಿಹೋದರು. ಹುಟ್ಟಿನಿಂದ ಬ್ರಾಹ್ಮಣರು, ದೇವರೂ ಇಲ್ಲ, ಕರ್ಮವೂ ಇಲ್ಲವೆಂದು ಬಹಿರಂಗವಾಗಿ ಸಾರಿದವರು, ೧೯೪೦ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಪತ್ನಿಯೊಂದಿಗೆ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದವರು. ಅಸ್ಪೃಶ್ಯರೆನಿಸಿಕೊಂಡವರ ಕೇರಿಯಲ್ಲಿ ಅವರು ಕೆಲಸಮಾಡಿದರು, ಅವರೊಂದಿಗೆ ಉಂಡರು. ತಮ್ಮ ಹಿರಿಯ ಮಗಳನ್ನು ಆ ಜನರಲ್ಲಿ ಹುಟ್ಟಿದ ಒಬ್ಬ ತರುಣನಿಗೆ ಕೊಟ್ಟರು. ದೇವರನ್ನು ಬಿಡದೆ ನಂಬಿದ ಗಾಂಧಿಯವರು ಆ ಮದುವೆಯನ್ನು ಸೇವಾಗ್ರಾಮದ ಆಶ್ರಮದಲ್ಲಿ ನಡಿಸಲು ಒಪ್ಪಿಕೊಂಡಿದ್ದರು. ೧೯೪೮ ಜನವರಿ ೩೦ರಂದು ಅವರು ಕೊಲ್ಲಲ್ಪಟ್ಟದ್ದರಿಂದ ಅವರಿಲ್ಲದೆಯೇ ಅದೇ ವರ್ಷದಲ್ಲಿ ಮದುವೆ ಅಲ್ಲಿ ನಡೆಯಿತು.

ಇದರೊಡನೆ ನಮ್ಮ ಮನೆಯ ಕಥೆಯೊಂದನ್ನೂ ಮುಚ್ಚಿಡದೆ ಹೇಳಬೇಕು. ೧೮೩೩ರಲ್ಲಿ ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನ್ ಎಂಬವರು ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಕ್ರೈಸ್ತರ ನಡುವೆ ಜಾತಿಭೇದವು ಪೂರ್ಣವಾಗಿ ತೊಲಗಬೇಕೆಂದು ಆಜ್ಞಾಪಿಸಿದರು. ತಂಜಾವೂರಿನಲ್ಲಿಯೂ ಮದ್ರಾಸಿನ ವೇಪೇರಿಯಲ್ಲಿಯೂ ಬಹುಜನರು ಜಾತಿಯನ್ನು ಬಿಡುವದಕ್ಕಿಂತ ಸಭೆಯನ್ನು ಬಿಡುವದೇ ಲೇಸೆಂದು ಎದ್ದುಹೋದರು. ಅವರು ದೀಕ್ಷಾಸ್ನಾನ ಹೊಂದಿದವರು, ಪ್ರತಿದಿನ ಪ್ರಾರ್ಥಿಸುವವರು. ಬಾಯಲ್ಲಿ ಕರ್ತನ ಹೆಸರಿದ್ದರೂ ಒಂದೇ ಪಾತ್ರೆಯಿಂದ ಕುಡಿಯುವದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ದೇವರ ಹೆಸರೇ ಇಲ್ಲದ ಮನೆಯಲ್ಲಿ ಮಗಳನ್ನೇ ಕೊಟ್ಟರು. ದೇವರಿಲ್ಲವೆಂದ ರಾಜ್ಯಗಳೂ ರಕ್ತ ಸುರಿಸಿವೆ, ಸ್ಟಾಲಿನನ ರಷ್ಯವು ಅದಕ್ಕೆ ಸಾಕ್ಷಿ. ಆದರೆ ಪರರ ಪಾಪವನ್ನು ಎಣಿಸುವದರಿಂದ ನಮ್ಮದು ಕಡಮೆಯಾಗುವದಿಲ್ಲ.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಧರ್ಮವೆಂಬದು ಯಾವದರ ಮೇಲೆ ನಿಂತಿದೆ? ಅದು ಅಳತೆಯ ಹಾಗೆ, ಹತ್ತು ಮಂದಿ ಒಪ್ಪಿದ್ದೇ ಧರ್ಮ ಅನ್ನುವವರುಂಟು. ಸೇರು, ಕೊಳಗ, ಮಣ ಎಂದು ಊರೂರಿಗೆ ಒಂದೊಂದು ಅಳತೆ ಇತ್ತು. ೧೯೫೬ರಲ್ಲಿ ಸರಕಾರವು ಕಾನೂನು ಮಾಡಿ ಕಿಲೋಗ್ರಾಮನ್ನು ತಂದಿತು. ಹಳೆಯ ಸೇರಿನಿಂದ ಅಳೆದವನು ಪಾಪಿಯೆಂದು ಯಾರೂ ಹೇಳಲಿಲ್ಲ. ಒಪ್ಪಂದವು ಬದಲಾಯಿತು, ಅಷ್ಟೇ. ಧರ್ಮವೂ ಹೀಗೆಯೋ?

ಪ್ರಿಯರೇ, ಇದಕ್ಕೆ ಉತ್ತರವನ್ನು ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಬಾವಿಯ ದಂಡೆಯಲ್ಲಿ ಕಲಿತರು. ನಮ್ಮ ಜನರಲ್ಲಿ ಕೆಲವರು ಊರ ಬಾವಿಯನ್ನು ಮುಟ್ಟಬಾರದೆಂದು ಊರೆಲ್ಲಾ ಒಪ್ಪಿತ್ತು. ಪಟೇಲನು ಒಪ್ಪಿದ್ದನು, ಶ್ಯಾನುಭೋಗನು ಒಪ್ಪಿದ್ದನು, ಪೂಜಾರಿಯು ಒಪ್ಪಿದ್ದನು; ಕೊಡ ಹಿಡಿದು ದೂರದಲ್ಲಿ ನಿಂತು, ಯಾರಾದರೂ ನೀರು ಹೊಯ್ಯಲೆಂದು ಕಾಯುತ್ತಿದ್ದವರು ಸಹ ಇದು ನಮ್ಮ ಹಣೆಯ ಬರಹವೆಂದು ಒಪ್ಪಿಬಿಟ್ಟಿದ್ದರು. ಒಪ್ಪಿಗೆಯೇ ಧರ್ಮವಾದರೆ ಅದು ಧರ್ಮವೇ ಆಗಿರಬೇಕು. ೧೯೨೭ ಮಾರ್ಚ್ ೨೦ರಂದು ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ಇಳಿದು ಬೊಗಸೆಯಲ್ಲಿ ನೀರು ಕುಡಿದಾಗ, ಆ ಊರಿನ ಲೆಕ್ಕದಲ್ಲಿ ಅವರೇ ಅಧರ್ಮಿಗಳು. ಊರವರು ಬಳಿಕ ಆ ಕೆರೆಗೆ ಶುದ್ಧಿಯನ್ನೂ ಮಾಡಿಸಿದರು. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಆ ದಿನದಿಂದ ಅದು ಕಾನೂನಿಗೆ ವಿರುದ್ಧವಾಯಿತು. ಆದರೆ ಅದು ಅನ್ಯಾಯವಾದದ್ದು ಆ ದಿನದಿಂದಲೋ? ಅಲ್ಲವೇ ಅಲ್ಲ. ಒಬ್ಬನೂ ಅದನ್ನು ಅನ್ಯಾಯವೆಂದು ಕರೆಯದಿದ್ದ ದಿನಗಳಲ್ಲಿಯೂ ಅದು ಅನ್ಯಾಯವೇ ಆಗಿತ್ತು. ಹಾಗೆಯೇ ನ್ಯೂರೆಂಬೆರ್ಗ್ ಪಟ್ಟಣದಲ್ಲಿ ೧೯೪೫ರಿಂದ ೧೯೪೬ರ ವರೆಗೆ ಜರ್ಮನಿಯ ಅಧಿಕಾರಿಗಳ ವಿಚಾರಣೆ ನಡೆದಾಗ, ಮೇಲಿನವರ ಅಪ್ಪಣೆಯಿತ್ತೆಂಬ ಮಾತು ಮಾತ್ರದಿಂದ ಯಾರೂ ತಪ್ಪಿಸಿಕೊಳ್ಳಲಾಗದೆಂದು ನ್ಯಾಯಾಧಿಪತಿಗಳು ತೀರ್ಮಾನಿಸಿದರು.

ಆದಕಾರಣ ಧರ್ಮವು ಒಪ್ಪಂದವಲ್ಲ. ಈ ಮಾತಿನಲ್ಲಿ ಗೋರಾರವರಂಥ ನಾಸ್ತಿಕನೂ ನಾವೂ ಒಂದೇ ಕಡೆಯಲ್ಲಿ ನಿಲ್ಲುತ್ತೇವೆ. ಊರಿನ ವಾಡಿಕೆಯೇ ಧರ್ಮವೆಂದು ಹೇಳುತ್ತಾ ದೇವರ ಹೆಸರನ್ನೂ ಹೇಳುವವನು ನಮಗೆ ಎದುರುಕಡೆಯವನು.

ಹಾಗಾದರೆ ಅದು ದೇವರ ಅಪ್ಪಣೆಯ ಮೇಲೆ ನಿಂತಿದೆಯೋ? ಅವಸರದಿಂದ ಹೌದೆನ್ನಬೇಡಿರಿ. ಮೇಲೆ ಹೇಳಿದ ಸೊಕ್ರಾತನ ಶಿಷ್ಯನಾದ ಪ್ಲೇಟೋ ಎಂಬವನು ಒಂದು ಸಂಭಾಷಣೆಯಲ್ಲಿ ಈ ತೊಡಕನ್ನು ಇಟ್ಟಿದ್ದಾನೆ: ದೇವರುಗಳು ಮೆಚ್ಚುವದರಿಂದ ಒಂದು ಕಾರ್ಯವು ಪವಿತ್ರವಾಗುವದೋ, ಪವಿತ್ರವಾಗಿರುವದರಿಂದ ಅವರು ಅದನ್ನು ಮೆಚ್ಚುವರೋ? ಅಪ್ಪಣೆಯಿಂದ ಮಾತ್ರವೇ ಒಳ್ಳೇದಾಗುವದಾದರೆ, ವಿಧವೆಯನ್ನು ಸುಲಿಗೆಮಾಡೆಂದು ಅಪ್ಪಣೆ ಬಂದಿದ್ದರೆ ಸುಲಿಗೆಯೇ ಪುಣ್ಯವಾಗುತ್ತಿತ್ತು. ಬಂಡಿಗಳು ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಸರಕಾರವು ಗೊತ್ತುಮಾಡುವ ಹಾಗೆ ದೇವರು ನ್ಯಾಯ ಅನ್ಯಾಯಗಳನ್ನು ಗೊತ್ತುಮಾಡಿದನೆಂದು ಹೇಳಬೇಕಾಗುತ್ತಿತ್ತು. ವಿಶ್ವಾಸಿಗಳ ತಂದೆಯಾದ ಅಬ್ರಹಾಮನು ಹೀಗೆ ನಂಬಿದವನಲ್ಲ. ಸೊದೋಮಿನ ನಾಶದ ಸುದ್ದಿ ಕೇಳಿದಾಗ ಅವನು ದೇವರ ಎದುರಿನಲ್ಲೇ ನಿಂತು, ನೀತಿವಂತರನ್ನು ದುಷ್ಟರ ಸಂಗಡ ಕೊಲ್ಲುವದು ಲೋಕಕ್ಕೆ ನ್ಯಾಯ ತೀರಿಸುವಾತನಿಗೆ ತಕ್ಕದ್ದೋ ಎಂಬ ಅರ್ಥದಲ್ಲಿ ವಾದಿಸಿ, ಐವತ್ತರಿಂದ ಹತ್ತಕ್ಕೆ ಇಳಿಸಿದನು. ದೇವರು ಅವನ ಮೇಲೆ ಕೋಪಿಸಿಕೊಳ್ಳಲಿಲ್ಲ. ನ್ಯಾಯವು ದೇವರಿಗೆ ಹೊರಗಿನ ಕಟ್ಟಳೆಯೂ ಅಲ್ಲ, ಆತನ ಕ್ಷಣದ ಇಷ್ಟವೂ ಅಲ್ಲ; ಅದು ಆತನ ಸ್ವಭಾವವೇ. ಉಪ್ಪಿನಿಂದ ಉಪ್ಪಿನ ರುಚಿಯನ್ನು ಬೇರೆಮಾಡಲಾಗದ ಹಾಗೆ ದೇವರಿಂದ ನೀತಿಯನ್ನು ಬೇರೆಮಾಡಲಾಗದೆಂಬದೇ ನಮ್ಮ ಉತ್ತರ.

ಆಷಾಢದಲ್ಲಿ ಮೋಡ ಕವಿದು ವಾರಗಟ್ಟಲೆ ಸೂರ್ಯನು ಕಾಣಿಸದಿದ್ದರೂ ಒಕ್ಕಲಿಗನು ಹಗಲಿನ ಬೆಳಕಿನಲ್ಲಿ ಉಳುತ್ತಾನೆ, ನಾಟಿ ಮಾಡುತ್ತಾನೆ, ಎತ್ತಿನ ಕಾಲಿಗೆ ಕಲ್ಲು ತಗಲದಂತೆ ನೋಡಿಕೊಳ್ಳುತ್ತಾನೆ. ದೇವರನ್ನು ಕಾಣದ ಸಜ್ಜನನೂ ಹಾಗೆಯೇ ಎಂದು ನಾವು ನಂಬುತ್ತೇವೆ. ಈ ಹೋಲಿಕೆಯಿಂದ ನಾಸ್ತಿಕನ ಬಾಯಿ ಕಟ್ಟುವದೆಂದು ಮಾತ್ರ ಭಾವಿಸಬೇಡಿರಿ. ಬೆಳಕು ಆಕಾಶದ್ದೇ, ಸೂರ್ಯನನ್ನು ಯಾಕೆ ತರುತ್ತೀರಿ, ಮಗುವನ್ನು ಹೊಡೆಯಬಾರದೆಂಬದಕ್ಕೆ ಮಗುವಿನ ನೋವೇ ಸಾಲದೋ ಎಂದು ಅವನು ಕೇಳುವನು. ಸಾಲುವದು, ನಿಶ್ಚಯವಾಗಿ ಸಾಲುವದು. ಆದರೆ ಆ ನೋವು ನನಗೆ ತಾಕದಿರುವಾಗ, ಯಾರೂ ನೋಡದಿರುವಾಗ, ಹೊಡೆದರೆ ಲಾಭವೂ ಇರುವಾಗ, ಬೇಡ ಎಂದು ನನ್ನನ್ನು ತಡೆಯುವ ಹಕ್ಕು ಎಲ್ಲಿಂದ ಬಂತು? ಕಲ್ಲು ಕೆಳಕ್ಕೆ ಬೀಳುವದೆಂಬ ನಿಯಮವು ಕಲ್ಲಿಗೆ, ನೀನು ಬೀಳಬೇಕು ಎಂದು ಹೇಳುವದಿಲ್ಲ. ಮನಸ್ಸಾಕ್ಷಿಯಾದರೋ ಕೆಲಸದವನ ಹಾಗೆ ಬೇಡಿಕೊಳ್ಳುವದಿಲ್ಲ, ಒಡೆಯನ ಹಾಗೆ ಮಾತಾಡುತ್ತದೆ. ಆ ಧ್ವನಿಯಲ್ಲಿ ಒಬ್ಬಾತನ ಗುರುತನ್ನು ನಾವು ಕಾಣುತ್ತೇವೆ. ಅದು ಬುದ್ಧಿಯ ಧ್ವನಿಯೇ ಎಂದು ಅವನು ಹೇಳಿದರೆ, ಅಲ್ಲಿಗೆ ವಾದವು ನಿಲ್ಲುತ್ತದೆ; ಇಬ್ಬರೂ ಆ ಧ್ವನಿಗೆ ವಿಧೇಯರಾಗಿರುವ ವರೆಗೆ ನಾವು ಅವನೊಂದಿಗೆ ಜಗಳವಾಡಬೇಕಾಗಿಲ್ಲ.

ಇನ್ನು ಬೀಗದ ಕೈಯ ಮಾತು. ಇಂಗ್ಲಿಷ್ ಪಂಡಿತನಾದ ಜಾನ್ ಲಾಕನು ೧೬೮೯ರಲ್ಲಿ ಮತಸಹನೆಯನ್ನು ಕುರಿತು ಬರೆದ ಪತ್ರದಲ್ಲಿ ಬಹು ಜನರಿಗೆ ಸಹನೆಯನ್ನು ಕೊಟ್ಟರೂ, ನಾಸ್ತಿಕನ ಆಣೆಗೆ ಹಿಡಿತವಿಲ್ಲವೆಂಬ ಕಾರಣದಿಂದ ಅವನನ್ನು ಹೊರಗಿಟ್ಟನು. ನಮ್ಮ ಹಿರಿಯರು ಹೇಳುವದೂ ಅದನ್ನೇ. ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕನನ್ನು ೧೮೮೦ರಲ್ಲಿ ನಾರ್ಥಾಂಪ್ಟನ್ ಊರವರು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿದಾಗ, ಆಣೆಯ ಜಗಳದಿಂದಲೇ ೧೮೮೬ರ ವರೆಗೆ ಅವನಿಗೆ ಅಲ್ಲಿ ನೆಲೆಯಾದ ಸ್ಥಳ ಸಿಕ್ಕಲಿಲ್ಲ. ನಮ್ಮ ದೇಶದ ೧೯೬೯ರ ಪ್ರಮಾಣ ಕಾಯಿದೆಯಾದರೋ, ಸಾಕ್ಷಿ ಹೇಳುವವನು ದೇವರ ಮೇಲೆ ಆಣೆ ಇಡುವದಕ್ಕೆ ಬದಲಾಗಿ ಸತ್ಯವನ್ನೇ ಹೇಳುವೆನೆಂದು ದೃಢವಾಗಿ ನುಡಿದರೆ ಸಾಕೆನ್ನುತ್ತದೆ. ನಮ್ಮ ಕರ್ತನು ಬೆಟ್ಟದ ಮೇಲಣ ಪ್ರಸಂಗದಲ್ಲಿ ಆಣೆಯೇ ಬೇಡವೆಂದನಲ್ಲವೇ? ಬರೀ ಮಾತಿಗೆ ನಿಲ್ಲುವವನು ಆತನ ಬೋಧನೆಗೆ ದೂರದವನಲ್ಲ. ಇದನ್ನೂ ನೆನಸಿರಿ: ಹನ್ನೆರಡು ಮಂದಿ ಶಿಷ್ಯರ ಹಣದ ಚೀಲವನ್ನು ಹಿಡಿದವನು ದಿನಾಲು ಕರ್ತನ ಬಾಯಿಂದಲೇ ಉಪದೇಶ ಕೇಳಿದವನು, ಅವನು ಅದರಿಂದ ಕದಿಯುತ್ತಿದ್ದನೆಂದು ಯೋಹಾನನು ಬರೆಯುತ್ತಾನೆ. ಆದದರಿಂದ ಲೆಕ್ಕವಿಡುವವನು ಯಾರೇ ಆಗಲಿ, ತಿಂಗಳಿಗೊಮ್ಮೆ ಇಬ್ಬರು ಕೂತು ಪುಸ್ತಕವನ್ನೂ ಪೆಟ್ಟಿಗೆಯನ್ನೂ ತಾಳೆನೋಡಲಿ. ಆ ಯೌವನಸ್ಥನಿಗೆ ಆ ಕೆಲಸವನ್ನು ಕೊಡಬಹುದೆಂಬದೇ ನಮ್ಮ ಅಭಿಪ್ರಾಯ.

ಹಾಗಾದರೆ ನಂಬಿಕೆಯಿಂದ ಏನು ಹೆಚ್ಚಾಯಿತು ಎಂದು ಕೇಳುವಿರಿ. ಧರ್ಮವನ್ನು ತಿಳಿದವನು ಅದನ್ನು ಮುರಿದ ಮೇಲೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೊಂದುಂಟು. ಕರ್ಮವು ಸವೆಯುವ ವರೆಗೆ ತಾಳಬೇಕೆಂದು ಜೈನನು ಹೇಳುವನು. ಮೋಸಹೋದವನನ್ನೇ ಕ್ಷಮೆ ಕೇಳೆಂದು ನಾಸ್ತಿಕನು ಹೇಳುವನು. ಎರಡರಲ್ಲಿಯೂ ಸತ್ಯವುಂಟು. ಆದರೆ ಮೋಸಹೋದವನು ಸತ್ತುಹೋಗಿದ್ದರೆ? ಅವನ ಹೊಲವನ್ನು ಸುಳ್ಳು ಕಾಗದದಿಂದ ಕಸಕೊಂಡು, ಈಗ ರಾತ್ರಿ ನಿದ್ದೆ ಬಾರದೆ ಹೊರಳುವವನು ಯಾರ ಬಾಗಲನ್ನು ತಟ್ಟಬೇಕು? ಧರ್ಮವನ್ನು ಮೊದಲು ಕಂಡುಹಿಡಿದವರು ನಾವೆಂಬ ಹೆಮ್ಮೆಗಾಗಿ ಸುವಾರ್ತೆಯು ಬರಲಿಲ್ಲ. ಈ ಮನುಷ್ಯನಿಗಾಗಿ ಬಂತು. ಯೆರಿಕೋವಿನ ಸುಂಕದವನಾದ ಜಕ್ಕಾಯನು ಕರ್ತನನ್ನು ತನ್ನ ಮನೆಯಲ್ಲಿ ಇಳಿಸಿಕೊಂಡ ದಿನ, ಕ್ಷಮೆ ಸಿಕ್ಕಿತೆಂದು ಹಣವನ್ನು ಹಿಡಿದುಕೊಂಡು ಕೂಡಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯವಾಗಿ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ತಿರಿಗಿ ಕೊಡುವೆನೆಂದೂ ಎದ್ದು ನಿಂತು ಹೇಳಿದನು. ಹೀಗೆ ಹಣವನ್ನು ತಿರಿಗಿ ಪಡೆಯಬೇಕಾದ ಮನೆಗಳು ಆ ಊರಿನಲ್ಲಿ ಎಷ್ಟಿದ್ದವೋ. ಆ ಮನೆಗಳವರು ಏನನ್ನು ನಂಬುತ್ತಿದ್ದರೆಂದು ಲೂಕನು ಬರೆದಿಲ್ಲ.